ಪ್ಯಾರಿಸ್ಸಿಗೆ ಹೋದ ಬೆಳ್ಮಣ್ಣಿನ ಬಿಳಿ ಕಲ್ಲು

ಟೊಕ್. ಸ್ವಲ್ಪ ಮೌನ. ಮತ್ತೆ ಟೊಕ್.

ಪ್ಯಾರಿಸ್ ಎಂದರೆ ಈಗಲೂ ನನಗೆ ಮೊದಲು ಕೇಳಿಸುವುದು ಆ ಸದ್ದು. ಎತ್ತರದ ಹಸಿರು ಬೇಲಿಯ ಆಚೆ ಯಾರೋ ಚೆಂಡು ಹೊಡೆಯುತ್ತಿದ್ದರು. ಹೊಡೆಯುವವರು ಕಾಣುತ್ತಿರಲಿಲ್ಲ. ನಡುನಡುವೆ ಬೂಟು ಮಣ್ಣಿನ ಮೇಲೆ ಸರ್ರನೆ ಜಾರುವುದು ಮಾತ್ರ ಕೇಳುತ್ತಿತ್ತು. ನಾನು ಬೇಲಿಯ ಪಕ್ಕ ನಿಂತುಬಿಟ್ಟೆ. ಚಿಕ್ಕಂದಿನಲ್ಲಿ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ, ಬೆಳಕು ಹರಿಯುವ ಮೊದಲು, ಬೆಳ್ಮಣ್ಣಿನ ನಮ್ಮ ಮನೆಯ ಹಿಂದಿನ ಗುಡ್ಡದಿಂದ ಇದೇ ಸದ್ದು ಬರುತ್ತಿತ್ತು. ಮಾವ ಪಾಲೆ ಮರದ ತೊಗಟೆ ತೆಗೆಯುತ್ತಿದ್ದರು. ಅದಕ್ಕೆ ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಇನ್ನು ಸ್ವಲ್ಪ ಹೊತ್ತಿಗೆ ಆ ತೊಗಟೆಯ ಕಹಿ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿಯಬೇಕಲ್ಲ ಎಂದು ನಾವು ಮಕ್ಕಳು ಚಾಪೆಯಲ್ಲೇ ಮುದುಡಿಕೊಳ್ಳುತ್ತಿದ್ದೆವು.

"ದೊಡ್ಡಮ್ಮ, ಎಂತ ಬೇಲಿಗೆ ಅಂಟಿಕೊಂಡು ನಿಂತದ್ದು? ಸೆಕ್ಯೂರಿಟಿಯವರು ನಿಮ್ಮನ್ನೇ ನೋಡ್ತಾ ಇದ್ದಾರೆ."

ಹಾಗೆ ಹೇಳಿ ನನ್ನನ್ನು ಎಳೆದುಕೊಂಡು ಹೋದವಳು ಶ್ರಾವ್ಯ, ನನ್ನ ತಂಗಿಯ ಮಗಳು. ಅವಳು ಕಾಪುವಿನ ಹುಡುಗಿ. ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿತು, ಈಗ ಊರೂರು ತಿರುಗುವ ಒಬ್ಬ ಟೆನ್ನಿಸ್ ಆಟಗಾರ್ತಿಯ ಕೈಕಾಲು ನೋಡಿಕೊಳ್ಳುವುದು ಅವಳ ಕೆಲಸ. ಒಲಿಂಪಿಕ್ಸಿಗೆ ಮನೆಯವರೊಬ್ಬರನ್ನು ಕರೆದುಕೊಂಡು ಬರಬಹುದೆಂದು ತಾಯಿಗೆ ಟಿಕೆಟ್ ಕಳಿಸಿದ್ದಳು. ತಂಗಿಗೆ ಉಡುಪಿಯಲ್ಲಿ ಮೊಣಕಾಲಿನ ಆಪರೇಷನ್ ಆಯಿತು. ಹಾಗಾಗಿ ಅವಳ ಬದಲಿಗೆ ಹೊರಟವಳು ನಾನು: ಕಾರ್ಕಳದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದ, ಕಾನ್ವೆಂಟ್ ಬಿಟ್ಟ ಮೇಲೆ ಯಾವ ಆಟದ ಮೈದಾನಕ್ಕೂ ಕಾಲಿಡದ ವಾರಿಜ ಟೀಚರ್.

ಏರ್‌ಪೋರ್ಟಿನಲ್ಲಿ ಕಲ್ಲು

ಆ ವರ್ಷ ಆಟಿ ಅಮಾವಾಸ್ಯೆ ಬರುವಾಗ ನಾನು ಪ್ಯಾರಿಸ್ಸಿನಲ್ಲಿ ಇರಬೇಕಾಗಿತ್ತು. ನನಗೆ ಬುದ್ಧಿ ಬಂದಂದಿನಿಂದ ಒಂದು ವರ್ಷವೂ ಕಷಾಯ ತಪ್ಪಿಸಿದವಳಲ್ಲ. ತಾಜಾ ತೊಗಟೆ ಒಯ್ಯಲು ಆಗುವುದಿಲ್ಲವಾದ್ದರಿಂದ ಬೆಳ್ಮಣ್ಣಿನಿಂದ ಒಣಗಿಸಿದ ಒಂದು ತುಂಡು ತರಿಸಿದೆ. ಅದರ ಜೊತೆ ಅಂಗಳದ ಬದಿಯಲ್ಲಿದ್ದ ಒಂದು ಬಿಳಿ ಕಲ್ಲು. ಆ ಕಲ್ಲನ್ನು ಕೆಂಪಗೆ ಕಾಯಿಸಿ ಕಷಾಯಕ್ಕೆ ಹಾಕಿದರೇ ಅದು ಕಷಾಯ, ಇಲ್ಲದಿದ್ದರೆ ಬರೀ ಕಹಿ ನೀರು.

ಮಂಗಳೂರಿನ ಏರ್‌ಪೋರ್ಟಿನಲ್ಲಿ ಸ್ಕ್ಯಾನರ್ ಹತ್ತಿರ ನನ್ನ ಬ್ಯಾಗು ನಿಂತಿತು. ಹಿಂದಿ ಮಾತಾಡುವ ಯುವತಿಯೊಬ್ಬಳು ಕಲ್ಲನ್ನು ಹೊರಗೆ ತೆಗೆದು ತಿರುಗಿಸಿ ನೋಡಿದಳು.

"ಯೇ ಕ್ಯಾ ಹೈ ಮಾಜಿ?"

"ಸ್ಟೋನ್," ಎಂದೆ.

"ಕಿಸ್ ಲಿಯೇ?"

"ಟು ಹೀಟ್ ಇಟ್," ಎಂದೆ. ಅವಳು ತನ್ನ ಮೇಲಿನವರನ್ನು ಕರೆದಳು.

ಪಕ್ಕದಲ್ಲಿ ಟ್ರೇ ಜೋಡಿಸುತ್ತಿದ್ದ ಹೆಜಮಾಡಿಯ ಹುಡುಗಿಯೊಬ್ಬಳು ತೊಗಟೆಯನ್ನು ಮೂಸಿ ನಕ್ಕುಬಿಟ್ಟಳು. "ಅಯ್ಯೋ, ಇದು ನಮ್ಮ ಆಟಿಯ ಮದ್ದಲ್ವಾ! ಅಮ್ಮ, ಅಲ್ಲಿ ಹೋಗಿಯೂ ಬಿಡುವುದಿಲ್ವಾ ನೀವು?" ಆಮೇಲೆ ಅವಳೇ ಹಿಂದಿಯಲ್ಲಿ ಏನೋ ಉದ್ದದ ವಿವರಣೆ ಕೊಟ್ಟು ನನ್ನನ್ನು ದಾಟಿಸಿದಳು. ಫ್ರಾನ್ಸಿನಲ್ಲಿ ಯಾರೂ ಅದನ್ನು ನೋಡಲೂ ಇಲ್ಲ.

ಬೊಂಜೂರ್ ಬೀದಿ

ನಾವು ಉಳಿದುಕೊಂಡದ್ದು ಹಳೆಯ ಕಟ್ಟಡದ ಐದನೇ ಮಾಳಿಗೆಯಲ್ಲಿ. ಲಿಫ್ಟ್ ಎಂದರೆ ಕೋಳಿಗೂಡಿನಷ್ಟು ಸಣ್ಣ ಪಂಜರ. ಒಬ್ಬರು ಹೊಕ್ಕರೆ ಇನ್ನೊಬ್ಬರ ಹ್ಯಾಂಡ್‌ಬ್ಯಾಗು ಹೊರಗೆ ಇರಬೇಕು.

ಕೆಳಗೆ ಒಂದು ಬೇಕರಿ. ಮೊದಲ ದಿನ ಒಳಗೆ ಹೋಗಿ, "ಒನ್ ಬ್ರೆಡ್ ಪ್ಲೀಸ್," ಎಂದೆ. ಅಂಗಡಿಯ ಹೆಂಗಸು ನನ್ನನ್ನು ಕಾಣದವಳಂತೆ ನಿಂತಳು. ಎರಡನೇ ಸಲ ಕೇಳಿದೆ. ಅವಳು ಒಂದೊಂದೇ ಅಕ್ಷರ ಬಿಡಿಸಿ, "ಬೊಂ-ಜೂರ್, ಮದಾಂ," ಎಂದಳು. ನನಗೆ ಅರವತ್ತು ವರ್ಷ ಹಿಂದಕ್ಕೆ ಹೋದ ಹಾಗಾಯಿತು. "ಗುಡ್ ಮಾರ್ನಿಂಗ್ ಸಿಸ್ಟರ್" ಹೇಳದೆ ಪೆನ್ಸಿಲ್ ಕೇಳಿದರೂ ನಮ್ಮ ಕಾನ್ವೆಂಟಿನಲ್ಲಿ ಸಿಗುತ್ತಿರಲಿಲ್ಲ. ಕೈಕಟ್ಟಿ ನಿಂತು ಬೊಂಜೂರ್ ಹೇಳಿದೆ. ಬ್ರೆಡ್ಡೂ ಸಿಕ್ಕಿತು, ಮುಗುಳ್ನಗೆಯೂ ಸಿಕ್ಕಿತು. ನಮ್ಮಲ್ಲಾದರೆ ಅಂಗಡಿಯವನೇ "ಎಂತ ಬೇಕು ಅಮ್ಮ?" ಎಂದು ಮೊದಲು ಕೇಳುತ್ತಾನೆ. ಇಲ್ಲಿ ಗೌರವದ ಚೆಂಡು ನಮ್ಮ ಕಡೆಯಿಂದಲೇ ಸರ್ವ್ ಆಗಬೇಕು.

ಆ ದಿನಗಳಲ್ಲಿ ಒಮ್ಮೆ ಮಳೆ ಬಂತು. ಊರಿಗೆ ಊರೇ ಪ್ಲಾಸ್ಟಿಕ್ ಹೊದ್ದುಕೊಂಡು ಓಡಿತು. ಆಟಿಯ ಮಳೆ ಕಂಡವಳಿಗೆ ಅದು ಯಾರೋ ಬಟ್ಟೆ ಕೊಡವಿದ ಹಾಗೆ. ಕೊಡೆ ಬಿಚ್ಚಲು ನಾಚಿಕೆಯಾಗಿ ಹಾಗೆಯೇ ನಡೆದು ಬಂದೆ.

ಶ್ರಾವ್ಯ ನೋಡಿಕೊಳ್ಳುವ ಆಟಗಾರ್ತಿ ನೀನಾ ಬಂದದ್ದು ಆ ಸಂಜೆ. ಅವಳ ನಿಜವಾದ ಹೆಸರು ಬೇರೆ. ಅವಳ ದೇಶದ ಹೆಸರನ್ನೂ ಬರೆಯಬೇಡಿ ಎಂದು ಶ್ರಾವ್ಯ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಅದು ತೀರಾ ಸಣ್ಣ ದೇಶ, ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ಮಾಡಿದರೆ ಗಡಿ ದಾಟಿ ಹೋಗುವಷ್ಟು ಸಣ್ಣದು. ಟೆನ್ನಿಸ್ಸಿನ ಲೆಕ್ಕದಲ್ಲಿ ನೀನಾಳಿಗೆ ವಯಸ್ಸಾಗಿತ್ತು. ಕಣ್ಣಿನ ಸುತ್ತ ಬಿಸಿಲಿನ ಗೆರೆಗಳು, ಎಡ ಮೊಣಕಾಲಿಗೆ ನೀಲಿ ಪಟ್ಟಿ. ನಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು, ಕಿಟಕಿಯ ಮೇಲಿದ್ದ ತೊಗಟೆಯನ್ನು ನೋಡಿ ಇದೇನೆಂದು ಕೇಳಿದಳು.

ನಾನು ಹೇಳಿದೆ. ವರ್ಷಕ್ಕೆ ಒಂದೇ ದಿನ, ಸೂರ್ಯ ಹುಟ್ಟುವ ಮೊದಲು, ಮನೆಯವರೆಲ್ಲ ಕುಡಿಯುವುದು; ಕುಡಿದರೆ ವರ್ಷವಿಡೀ ಮೈಗೆ ಕೇಡಿಲ್ಲ ಎಂದು ನಮ್ಮ ನಂಬಿಕೆ. ಅವಳ ಕಣ್ಣು ಅರಳಿತು. ಆಟಗಾರರು ನಮಗಿಂತ ಹೆಚ್ಚು ಶಾಸ್ತ್ರ ನೋಡುವವರು. ಗೆದ್ದ ದಿನದ ಕಾಲುಚೀಲವನ್ನು ಮರುದಿನವೂ ಹಾಕುವವರು.

"ನಾಲಿಗೆಗೆ ಮುಟ್ಟಿಸಿ ನೋಡು, ಎಂಥ ಕಹಿ ಅಂತ," ಎಂದು ಒಂದು ಚೂರು ಮುರಿದು ಅವಳ ಕೈಗೆ ಇಟ್ಟೆ.

ಸ್ನಾನ ಮುಗಿಸಿ ಬಂದ ಶ್ರಾವ್ಯ ಅದನ್ನು ಕಂಡವಳೇ ಹಾರಿ ಬಿದ್ದಳು. "ನೀನಾ, ನೋ!" ಎಂದು ಚೂರನ್ನು ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದಳು. ನೀನಾಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ, ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ದೊಡ್ಡಮ್ಮ, ನಿಮಗೆ ಗೊತ್ತುಂಟಾ ಇದರಲ್ಲಿ ಎಂತೆಲ್ಲ ಉಂಟು ಅಂತ? ಯಾವ ಹೊತ್ತಿಗೆ ಬೇಕಾದರೂ ಬಂದು ಇವಳ ಮೂತ್ರ ತಕ್ಕೊಂಡು ಹೋಗ್ತಾರೆ. ಲ್ಯಾಬಿನಲ್ಲಿ ಎಂತಾದರೂ ಸಿಕ್ಕಿದರೆ ಇವಳ ಕಥೆ ಮುಗೀತು. ನನ್ನದೂ ಮುಗೀತು."

"ನಾವೆಲ್ಲ ಹುಟ್ಟಿದಂದಿನಿಂದ ಕುಡಿದು ಬದುಕಿಲ್ವಾ ಮಾರಾಯ್ತಿ?"

"ನೀವು ಒಲಿಂಪಿಕ್ಸ್ ಆಡ್ತೀರಾ?"

ಅಜ್ಜಿಯ ಕಾಲದ ಮದ್ದಿಗೆ ಸಾಬೂನು ಹಾಕಿ ತೊಳೆದದ್ದು ಮನಸ್ಸಿಗೆ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಶ್ರಾವ್ಯ ತೊಗಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲಿನ ಅಂತಸ್ತಿಗೆ ದೂಡಿದಳು. ನೀನಾ ಮಾತ್ರ ಒದ್ದೆ ಕೈಯನ್ನು ಮೂಗಿನ ಹತ್ತಿರ ಹಿಡಿದು ನನಗೆ ಕಣ್ಣು ಮಿಟುಕಿಸಿದಳು.

ಹಸಿರು ಬೇಲಿಯ ಹಿಂದಿನ ಕೆಫೆ

ಪ್ರಾಕ್ಟೀಸ್ ಕೋರ್ಟುಗಳ ಹಿಂದೆ ಆಟಗಾರರ ಕಡೆಯವರು ಕೂರುವ ಒಂದು ಕೆಫೆ ಇತ್ತು. ಕಾಫಿ ಎರಡು ಬೆರಳೂ ಹಿಡಿಸದಷ್ಟು ಸಣ್ಣ ಲೋಟದಲ್ಲಿ ಬರುತ್ತಿತ್ತು. ನಾನು ಅಲ್ಲಿ ಕುಳಿತು ಲೋಕದ ಮಾತು ಕೇಳುತ್ತಿದ್ದೆ.

ಒಲಿಂಪಿಕ್ಸ್ ಎಂದರೆ ಎಲ್ಲ ಆಟಗಾರರೂ ತುದಿಗಾಲಲ್ಲಿ ಓಡಿ ಬರುತ್ತಾರೆ ಎಂದು ನಾನು ನಂಬಿದ್ದೆ. ಟೆನ್ನಿಸ್ಸಿನವರು ಹಾಗಲ್ಲ. ಇಲ್ಲಿ ಗೆದ್ದರೆ ಬಹುಮಾನದ ಹಣವಿಲ್ಲ, ರ‍್ಯಾಂಕಿಂಗ್ ಪಾಯಿಂಟೂ ಇಲ್ಲ. ಅವರೋ ವಾರ ವಾರ ಆಡಿ ಬದುಕುವವರು. ಕೋಚಿನ ಸಂಬಳ, ಶ್ರಾವ್ಯಳ ಸಂಬಳ, ವಿಮಾನ, ಹೋಟೆಲು, ಎಲ್ಲವೂ ಅವರ ಕೈಯಿಂದಲೇ. ದೊಡ್ಡ ಹೆಸರಿನ ಕೆಲವರು ಭುಜ ನೋವು, ಸೊಂಟ ನೋವು ಎಂದು ಬಂದಿರಲೇ ಇಲ್ಲ.

"ದೇಶ ಕರೆದರೆ ಬರುವುದಿಲ್ಲ ಅಂದ್ರೆ ಎಂಥ ಜನ ಇವರು?" ಎಂದೆ ಶ್ರಾವ್ಯಳಿಗೆ.

"ಸ್ವಲ್ಪ ತಡೀರಿ ದೊಡ್ಡಮ್ಮ. ಮೊನ್ನೆ ತನಕ ಇವರು ಇಂಗ್ಲೆಂಡಿನಲ್ಲಿ ಹುಲ್ಲಿನ ಮೇಲೆ ಆಡಿದ್ದು. ಈಗ ಇಲ್ಲಿ ಮಣ್ಣು. ಇಲ್ಲಿಂದ ಹೋದ ಕೂಡಲೇ ಅಮೆರಿಕದಲ್ಲಿ ಸಿಮೆಂಟು. ಒಂದು ವಾರ ಗದ್ದೆಯಲ್ಲಿ ಓಡಿ, ಮತ್ತೊಂದು ವಾರ ಅಂಗಳದಲ್ಲಿ ಓಡಿ, ಆಮೇಲೆ ಡಾಂಬರು ರೋಡಿನಲ್ಲಿ ಓಡಿ ನೋಡಿ. ನಿಮ್ಮ ಮೊಣಕಾಲು ಎಂತ ಹೇಳ್ತದೆ?"

"ಹಾಗಾದರೆ ನೀನಾ ಬಂದದ್ದು ಯಾಕೆ?"

"ಬರಬೇಡ ಅಂತ ಕೋಚ್ ಹೇಳಿದ್ದು. ನಾನೂ ಹೇಳಿದ್ದೆ. ಆ ಕಾಲಿನಲ್ಲಿ ಹೆಚ್ಚು ಮ್ಯಾಚ್ ಉಳಿದಿಲ್ಲ. ಉಳಿದದ್ದನ್ನು ಅಮೆರಿಕಕ್ಕೆ ಇಟ್ಟುಕೋ ಅಂತ. ಅವಳು ಕೇಳಲಿಲ್ಲ."

ಕೋಚ್‌ನ ಹೆಸರು ಯಾನ್. ಎತ್ತರದ, ನಗು ಬಾರದ ಮನುಷ್ಯ. ನೀನಾ ಹುಡುಗಿಯಾಗಿದ್ದಾಗಿನಿಂದ ಅವಳ ಜೊತೆ ಇದ್ದವನು. ಅವಳ ಮೊದಲ ಮ್ಯಾಚಿನ ಹಿಂದಿನ ದಿನ ಅವನು ತನ್ನ ಇನ್ನೊಬ್ಬ ಶಿಷ್ಯೆಯ ಜೊತೆ ಅಮೆರಿಕಕ್ಕೆ ಹೊರಟುಹೋದ. ಹೋಗುವಾಗ ಕೆಫೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಪುಕ್ಕಟೆ ಕೆಲಸಕ್ಕೆ ಮೊಣಕಾಲು ಮುರಿದುಕೊಳ್ಳುವುದನ್ನು ನೋಡಲು ನಾನು ಕೂರುವುದಿಲ್ಲ," ಎಂದ. ಸಿಟ್ಟಿನ ದನಿಯೇ. ಆದರೆ ಬಾಗಿಲವರೆಗೆ ಹೋದವನು ತಿರುಗಿ ನೀನಾಳ ಮೊಣಕಾಲನ್ನೇ ನೋಡಿದ.

ನೀನಾ ನನ್ನ ಪಕ್ಕ ಬಂದು ಕುಳಿತಳು. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಮಾತಾಡುವವಳು.

"ನಾನು ಒಲಿಂಪಿಕ್ಸಿಗೆ ಹಲವು ಸಲ ಬಂದಿದ್ದೇನೆ. ಪ್ರತಿ ಸಲ ಮೊದಲ ಮ್ಯಾಚಿನಲ್ಲೇ ಸೋಲು. ನನ್ನ ದೇಶದವರು ಯಾರೂ ಇಲ್ಲಿ ಒಂದು ಟೆನ್ನಿಸ್ ಮ್ಯಾಚ್ ಗೆದ್ದಿಲ್ಲ. ಒಂದು ಕೂಡ. ನನಗೆ ಮೆಡಲ್ ಬೇಡ. ಒಂದು ಮ್ಯಾಚ್ ಬೇಕು."

ನಾನು ಅವಳಿಗೆ ನಮ್ಮ ಕಾನ್ವೆಂಟಿನ ರೆಡ್ ಹೌಸಿನ ಕಥೆ ಹೇಳಿದೆ. ರಬ್ಬರ್ ಬಳೆಯನ್ನು ನೆಟ್ಟಿನ ಮೇಲಿಂದ ಎಸೆದು ಹಿಡಿಯುವ ರಿಂಗ್ ಟೆನ್ನಿಸ್ಸೇ ನಮ್ಮ ಆಟ. ಜಿಲ್ಲಾ ಮಟ್ಟದಲ್ಲಿ ಆಡುವ ಹುಡುಗಿಯರಿಗೆ ಹೌಸ್ ಮ್ಯಾಚಿನ ದಿನವೇ ಸರಿಯಾಗಿ ಜ್ವರ ಬರುತ್ತಿತ್ತು. ಅದರಲ್ಲಿ ಸರ್ಟಿಫಿಕೇಟ್ ಇಲ್ಲವಲ್ಲ! ಗೇಮ್ಸ್ ಕಲಿಸುತ್ತಿದ್ದ ಸಿಸ್ಟರ್ ಆಗ್ನೆಸ್ ಮಾತ್ರ ಆ ದಿನ ಬಿಳಿ ಉಡುಪಿನ ತೋಳಿಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬರುತ್ತಿದ್ದರು. ನಾನಿದ್ದಷ್ಟು ವರ್ಷವೂ ರೆಡ್ ಹೌಸ್ ಗೆಲ್ಲಲಿಲ್ಲ. ರಿಬ್ಬನ್ ಪ್ರತಿ ವರ್ಷವೂ ಬಂತು.

"ನಾಳೆ ಬನ್ನಿ," ಎಂದಳು ನೀನಾ. "ಯಾನ್ ಕುರ್ಚಿ ಖಾಲಿ ಇದೆ."

ನೀನಾಳ ಎದುರಾಳಿಯೂ ಅದೇ ಕೆಫೆಯಲ್ಲಿದ್ದಳು. ದೊಡ್ಡ ದೇಶದ ಹುಡುಗಿ, ಕುದುರೆ ಬಾಲದ ಜುಟ್ಟು, ಹೊಳೆಯುವ ಹಲ್ಲು. ಆಟಗಾರರು ಅಲ್ಲಿ ತಮ್ಮ ತಮ್ಮ ದೇಶದ ಪುಟ್ಟ ಪಿನ್ನುಗಳನ್ನು ಬದಲಾಯಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳು ಗೋಲಿ ಬದಲಾಯಿಸಿಕೊಳ್ಳುವ ಹಾಗೆ. ನನ್ನ ಸೀರೆ ಮೆಚ್ಚಿ ಅವಳು ಒಂದು ಪಿನ್ನನ್ನು ಸೆರಗಿಗೆ ಚುಚ್ಚಿದಳು. "ನನಗೆ ಇದು ಹಾಲಿಡೇ ವೀಕ್," ಎಂದು ನಕ್ಕಳು. "ಪಿನ್ ಕಲೆಕ್ಟ್ ಮಾಡಲಿಕ್ಕೆ ಬಂದದ್ದು."

ಕೋಚಿನ ಕುರ್ಚಿ

ಮಧ್ಯಾಹ್ನದ ಬಿಸಿಲು. ಕೆಂಪು ಮಣ್ಣು ನಮ್ಮ ಮುರಕಲ್ಲಿನ ಪುಡಿಯಂತೆಯೇ ಇತ್ತು. ಆಟಕ್ಕೆ ಮೊದಲು ಇಬ್ಬರು ದೊಡ್ಡ ಬಲೆ ಎಳೆದು ಅಂಗಳ ಸಮ ಮಾಡಿದರು. ಮತ್ತೊಬ್ಬಳು ಉದ್ದದ ಕುಂಚ ಹಿಡಿದು ಬಿಳಿ ಗೆರೆಗಳನ್ನು ಗುಡಿಸಿದಳು. ಹಿಡಿಸೂಡಿ ಹಿಡಿದು ಅಂಗಳ ಗುಡಿಸಿದವಳಿಗೆ ಅವಳ ಕೈ ಪಳಗಿದ ಕೈ ಎಂದು ಕೂಡಲೇ ಗೊತ್ತಾಯಿತು. ಒಂದು ಹೆಜ್ಜೆ ಗುರುತನ್ನೂ ಉಳಿಸಲಿಲ್ಲ.

ನಾನು ಯಾನ್‌ನ ಕುರ್ಚಿಯಲ್ಲಿ ಕುಳಿತೆ. ಅದರ ಅರ್ಥ ಏನೆಂದು ತಿಳಿದದ್ದು ಮೊದಲ ಪಾಯಿಂಟ್ ಮುಗಿದ ಮೇಲೆ. ನೀನಾ ಸೋತ ಕೂಡಲೇ ತಿರುಗಿ ನೇರವಾಗಿ ನನ್ನನ್ನು ನೋಡಿದಳು.

"ಎಂತ ಮಾಡಬೇಕೇ?" ಎಂದು ಶ್ರಾವ್ಯಳಿಗೆ ಪಿಸುಗುಟ್ಟಿದೆ.

"ಅವಳಿಗೆ ಅಭ್ಯಾಸ ದೊಡ್ಡಮ್ಮ. ಪಾಯಿಂಟ್ ಆದ ಕೂಡಲೇ ಕೋಚನ್ನು ನೋಡುವುದು. ಎಂತಾದರೂ ಮಾಡಿ. ಸುಮ್ಮನೆ ಮಾತ್ರ ಕೂರಬೇಡಿ."

ನನಗೆ ಗೊತ್ತಿದ್ದದ್ದು ಒಂದೇ. ಪರೀಕ್ಷೆಯ ಹಾಲಿನಲ್ಲಿ ಹೆದರಿ ತಲೆ ಎತ್ತುವ ಮಕ್ಕಳಿಗೆ ಟೀಚರ್ ಮಾಡುವುದು: ನಿಧಾನವಾಗಿ ಒಮ್ಮೆ ತಲೆಯಾಡಿಸುವುದು. ಗೊತ್ತುಂಟು ನಿನಗೆ, ಬರಿ. ಅಷ್ಟೇ. ಸೋತಾಗಲೂ ಹಾಗೆಯೇ, ಗೆದ್ದಾಗಲೂ ಹಾಗೆಯೇ.

ಮೊದಲ ಸೆಟ್ ಬೇಗ ಹೋಯಿತು. ಹೋದದ್ದು ನೀನಾಳ ಕೈಯಿಂದ. ಎರಡನೆಯದರಲ್ಲಿ ಅವಳು ಒಮ್ಮೆ ಕಾಲು ಜಾರಿ ಬಿದ್ದಳು. ಶ್ರಾವ್ಯಳ ಉಗುರು ನನ್ನ ಕೈಗೆ ನಾಟಿತು. ನೀನಾ ಎದ್ದಳು, ಮಣ್ಣು ಕೊಡವಿದಳು, ನನ್ನನ್ನು ನೋಡಿದಳು. ತಲೆಯಾಡಿಸಿದೆ. ಆಮೇಲೆ ಅವಳು ಚೆಂಡನ್ನು ಮೆತ್ತಗೆ ನೆಟ್ಟಿನ ಆಚೆ ಬೀಳಿಸತೊಡಗಿದಳು, ಹಬ್ಬದ ದಿನ ಮಕ್ಕಳ ಎಲೆಗೆ ಹೋಳಿಗೆ ಇಟ್ಟ ಹಾಗೆ. ಕುದುರೆ ಬಾಲದ ಹುಡುಗಿ ಮುಂದೆ ಓಡಿ, ಹಿಂದೆ ಓಡಿ ಸುಸ್ತಾದಳು. ಎರಡನೇ ಸೆಟ್ ನಮ್ಮದು.

ಪಕ್ಕದಲ್ಲಿ ಹುಲ್ಲಿನ ಹ್ಯಾಟ್ ಹಾಕಿದ ಫ್ರೆಂಚ್ ಮುದುಕಿಯೊಬ್ಬಳು ಕಾಗದದ ಪೊಟ್ಟಣದಿಂದ ಚೆರ್ರಿ ತಿನ್ನುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಫ್ರೆಂಚ್ ಬಾರದು. ಒಳ್ಳೆಯ ಪಾಯಿಂಟಿಗೆ ಒಂದು ಚೆರ್ರಿ ನನ್ನ ಕೈಗೆ. ಮೂರನೇ ಸೆಟ್ ಮುಗಿಯುವಾಗ ನನ್ನ ಮುಷ್ಟಿ ತುಂಬ ಬೀಜ. ಒಮ್ಮೆ ನನ್ನ ಬಾಯಿಂದ, "ಬಿಡಬೇಡ ಮಗಾ!" ಎಂದು ಹೊರಟೇಬಿಟ್ಟಿತು, ಅದೂ ಸರ್ವಿಸ್ ಮಾಡುವ ಹೊತ್ತಿಗೆ ಸರಿಯಾಗಿ. ಅಂಪೈರ್ ಮೇಲಿನಿಂದ ಏನೋ ಗದರಿದ. ಮುದುಕಿ ಅವನಿಗೇ ತಿರುಗಿ ಗದರಿದಳು.

ಕೊನೆಯ ಪಾಯಿಂಟ್. ನೀನಾ ಓಡುತ್ತಾ ಹೊಡೆದ ಚೆಂಡು ಆ ಕಡೆಯ ಗೆರೆಯ ಹತ್ತಿರ ಬಿತ್ತು. ಗೆರೆ ನೋಡುವವನು ಕೈ ಎತ್ತಿ, "ಔಟ್," ಎಂದ. ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದ ಗುರುತು ಉಳಿಯುತ್ತದೆ. ಅಂಪೈರ್ ಕುರ್ಚಿಯಿಂದ ಇಳಿದು ಬಂದು ಅದನ್ನು ನೋಡಿ ತೀರ್ಪು ಹೇಳಬೇಕು. ಅವನು ಇನ್ನೂ ಏಣಿ ಇಳಿಯುತ್ತಿದ್ದ. ಕುದುರೆ ಬಾಲದ ಹುಡುಗಿ ಗುರುತಿನ ಹತ್ತಿರ ನಡೆದು ಹೋಗಿ ಬಗ್ಗಿ ನೋಡಿದಳು. ಸುಮ್ಮನೆ ನಿಂತಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವಳು ಬೂಟಿನಿಂದ ಆ ಗುರುತನ್ನು ಒರೆಸಿದಳು.

"ದೊಡ್ಡಮ್ಮ! ಒರೆಸಿದಳು! ಒರೆಸಿದ್ರೆ ಒಳಗೆ ಅಂತ ಒಪ್ಪಿಕೊಂಡ ಹಾಗೆ!" ಶ್ರಾವ್ಯ ಕುರ್ಚಿಯ ಮೇಲೆ ಹತ್ತಿ ಕಿರಿಚುತ್ತಿದ್ದಳು. "ಗೆದ್ದೆವು ಮಾರಾಯ್ತಿ, ಗೆದ್ದೆವು!"

ದೊಡ್ಡಮ್ಮನನ್ನೇ ಮಾರಾಯ್ತಿ ಎಂದದ್ದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಬೇಸರವಾಗಲಿಲ್ಲ. ನೀನಾ ಮಣ್ಣಿನಲ್ಲಿ ಬೆನ್ನ ಮೇಲೆ ಮಲಗಿದ್ದಳು, ಕೈಕಾಲು ಅಗಲಿಸಿ, ಕೆಂಪಾಗಿ. ಮೇಲಿನ ಮೂಲೆಯಲ್ಲಿ ಅವಳ ದೇಶದ ನಾಲ್ಕೈದು ಜನ ಒಂದು ಧ್ವಜವನ್ನು ಹರಿದುಹೋಗುವಷ್ಟು ಬೀಸುತ್ತಿದ್ದರು. ಎದ್ದು ನಿಂತವಳು ನನ್ನ ಕಡೆ ತಿರುಗಿ, ಒಂದೇ ಸಲ, ನಿಧಾನವಾಗಿ ತಲೆಯಾಡಿಸಿದಳು.

ಆಮೇಲೆ ನನ್ನ ಕಣ್ಣು ಇನ್ನೊಬ್ಬಳ ಮೇಲೆ ಹೋಯಿತು. ರಜೆಗೆ ಬಂದಿದ್ದ ಹುಡುಗಿ ತಲೆಯ ಮೇಲೆ ಟವೆಲ್ ಹೊದ್ದು ಕುಳಿತಿದ್ದಳು. ಭುಜ ಅಲುಗುತ್ತಿತ್ತು. ಸೆರಗಿನಲ್ಲಿದ್ದ ಅವಳ ಪಿನ್ನನ್ನು ಮುಟ್ಟಿ ನೋಡಿಕೊಂಡೆ. ಯಾರು ಯಾವುದಕ್ಕೆ ಆಡುತ್ತಾರೆ ಎಂದು ಕೆಫೆಯಲ್ಲಿ ಕುಳಿತು ಹೇಳಲು ಬರುವುದಿಲ್ಲ ಎಂದು ಆಗ ಅನ್ನಿಸಿತು. ಜ್ವರ ಬಂದಿದೆ ಎನ್ನುತ್ತಿದ್ದ ನಮ್ಮ ಹುಡುಗಿಯರೂ ಬಹುಶಃ ಸೋಲಿಗೇ ಹೆದರಿದ್ದರು.

ಸಂಜೆ ಯಾನ್‌ನಿಂದ ಒಂದು ಮೆಸೇಜ್ ಬಂತು. ಅಮೆರಿಕದಲ್ಲಿ ಆಗ ಬೆಳಗಿನ ಹೊತ್ತು. ಮ್ಯಾಚ್ ಪೂರ್ತಿ ಫೋನಿನಲ್ಲಿ ನೋಡಿದ್ದನಂತೆ. ಅಭಿನಂದನೆ ಇಲ್ಲ, ಏನಿಲ್ಲ. ಎರಡೇ ಪದ: "ಮೊಣಕಾಲು ಹೇಗಿದೆ?" ನೀನಾ ಅದನ್ನು ಓದಿ ಅತ್ತಳು. ಆಮೇಲೆ ನಾನು ಮಾಡಿದ ಅನ್ನ, ತೊವ್ವೆಯನ್ನು ಶ್ರಾವ್ಯ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ಎರಡು ಸಲ ಬಡಿಸಿಕೊಂಡಳು.

ಎರಡನೇ ಮ್ಯಾಚ್

ಅದರಲ್ಲಿ ಸೋತಳು. ಮೊಣಕಾಲು ಬಾತಿತ್ತು, ಎದುರಿದ್ದವಳು ಚೆನ್ನಾಗಿ ಆಡಿದಳು. ಹೇಳಲು ಹೆಚ್ಚೇನಿಲ್ಲ. ಮೈಕ್ ಹಿಡಿದವರ ಮುಂದೆ ನೀನಾ, ಇದೇ ನನ್ನ ಕೊನೆಯ ಆಟ, ಅಮೆರಿಕಕ್ಕೆ ಹೋಗುವುದಿಲ್ಲ ಎಂದಳು. ಪಶ್ಚಾತ್ತಾಪ ಉಂಟೇ ಎಂದು ಯಾರೋ ಕೇಳಿದರು. ಅವಳು ನಕ್ಕು, "ನಮ್ಮ ದೇಶಕ್ಕೆ ಒಂದು ಮ್ಯಾಚ್ ಇದೆ ಈಗ," ಎಂದಳು. ಮನೆಯಲ್ಲಿ ಒಂದು ದನ ಇದೆ ಈಗ ಎನ್ನುವಷ್ಟು ನೆಮ್ಮದಿಯಿಂದ.

ಪ್ಯಾರಿಸ್ಸಿನಲ್ಲಿ ಆಟಿ

ಅಮಾವಾಸ್ಯೆಯ ಬೆಳಗ್ಗೆ ಬೇಗ ಎದ್ದೆ. ಹೊರಗೆ ಇನ್ನೂ ಬೂದು ಕತ್ತಲೆ. ತೊಗಟೆಯನ್ನು ಹಿಂದಿನ ದಿನವೇ ನೆನೆಹಾಕಿದ್ದೆ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಕುದಿಸಿದೆ. ಕಲ್ಲು ಕಾಯಿಸಲು ಹೋದರೆ, ಅದು ಇಂಡಕ್ಷನ್ ಒಲೆ! ಪಾತ್ರೆ ಬಿಸಿಯಾಗುತ್ತದೆ, ಕಲ್ಲಿಟ್ಟರೆ ಒಲೆಯೇ ಕೀಂ ಎಂದು ಕೂಗಿ ಆರಿಹೋಗುತ್ತದೆ. ಎಷ್ಟು ಸಲ ಇಟ್ಟರೂ ಅಷ್ಟೇ. ಸದ್ದಿಗೆ ಶ್ರಾವ್ಯ ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕಣ್ಣು ಉಜ್ಜಿಕೊಂಡು ಕಲ್ಲನ್ನು ಎತ್ತಿ ಕೇಕ್ ಮಾಡುವ ಓವನ್ನಿಗೆ ಹಾಕಿ ಉರಿ ಪೂರ್ತಿ ತಿರುಗಿಸಿದಳು. "ಅಮ್ಮನಿಗೆ ಹೇಳಬೇಡಿ, ನಾನು ಕಾಪುವಿನಲ್ಲಿ ಇದನ್ನು ಕಿಟಕಿಯಿಂದ ಹೊರಗೆ ಚೆಲ್ಲುತ್ತಿದ್ದೆ," ಎಂದಳು.

ಆಗ ಬಾಗಿಲು ಬಡಿದ ಸದ್ದು. ನೀನಾ ನಿಂತಿದ್ದಳು, ಬೆನ್ನಿಗೆ ಬ್ಯಾಗು, ಎದೆಯ ಮೇಲೆ ಧ್ವಜವಿದ್ದ ನೀಲಿ ಜಾಕೆಟ್ಟು. ಬೆಳಗಿನ ರೈಲಿಗೆ ಹೊರಟಿದ್ದಳು.

"ಇವತ್ತು ಅಲ್ಲವೇ ನಿಮ್ಮ ಆ ದಿನ?" ಎಂದು ಕೇಳಿದಳು. "ಸೂರ್ಯ ಇನ್ನೂ ಬಂದಿಲ್ಲ."

ನಾನು ಶ್ರಾವ್ಯಳ ಮುಖ ನೋಡಿದೆ.

"ಅವಳನ್ನು ಕೇಳಬೇಡಿ," ಎಂದಳು ನೀನಾ. "ಹದಿನಾರನೇ ವಯಸ್ಸಿನಿಂದ ಒಂದು ಕೆಮ್ಮಿನ ಗುಳಿಗೆಯನ್ನೂ ಕೇಳದೆ ನುಂಗಿಲ್ಲ ನಾನು. ಈಗ ಈ ನಾಲಿಗೆ ನನ್ನದು."

ಶ್ರಾವ್ಯ ಕಪಾಟಿನಿಂದ ಮೂರು ಲೋಟ ತೆಗೆದಿಟ್ಟಳು. ಓವನ್ನಿನಿಂದ ಕಲ್ಲನ್ನು ಇಕ್ಕುಳದಲ್ಲಿ ಹಿಡಿದು ಪಾತ್ರೆಗೆ ಹಾಕಿದೆ. ಚುಂಯ್ ಎಂದಿತು. ಆ ಐದನೇ ಮಾಳಿಗೆಯ ಅಡುಗೆಮನೆಗೆ ಬೆಳ್ಮಣ್ಣಿನ ವಾಸನೆ ಬಂತು. ಪೂರ್ವಕ್ಕೆ ಮುಖ ಮಾಡಿ ಮೂವರೂ ನಿಂತೆವು. ನಾನು ಕುಡಿದೆ. ಶ್ರಾವ್ಯ ಮೂಗು ಹಿಡಿದು ಕುಡಿದಳು, ಚೆಲ್ಲಲಿಲ್ಲ. ನೀನಾ ಒಂದೇ ಗುಟುಕಿಗೆ ಖಾಲಿ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ, ತನ್ನ ಭಾಷೆಯಲ್ಲಿ ಏನೋ ದೊಡ್ಡ ಬೈಗುಳ ಬೈದಳು. ಬೆಲ್ಲ ತರಲು ಮರೆತಿದ್ದೆ. ಕೆಫೆಯಿಂದ ತಂದ ಸಕ್ಕರೆಯ ಬಿಲ್ಲೆ ಕೊಟ್ಟೆ. ಬೇಡವೆಂದಳು, ಕಹಿ ಇರಲಿ ಎಂದಳು.

ಹೊರಡುವ ಮೊದಲು ಪಾತ್ರೆಯ ತಳದಲ್ಲಿದ್ದ ಕಲ್ಲನ್ನು ತೋರಿಸಿ, "ಇದು ನನಗೆ ಕೊಡುತ್ತೀರಾ?" ಎಂದು ಕೇಳಿದಳು. ನಲ್ಲಿಯ ಕೆಳಗೆ ತೊಳೆದು, ಸೆರಗಿನಲ್ಲಿ ಒರೆಸಿ ಕೊಟ್ಟೆ. ಇನ್ನೂ ಬೆಚ್ಚಗಿತ್ತು.

ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವಳು ಕಟ್ಟಡದಿಂದ ಹೊರಗೆ ಬಂದು, ಬೇಕರಿಯ ಮುಂದೆ ಬಾಗಿಲು ತೆರೆಯುತ್ತಿದ್ದ ಹೆಂಗಸಿಗೆ ಬೊಂಜೂರ್ ಹೇಳಿ, ಬೀದಿಯ ನಡುವೆ ನಿಂತು ಮೇಲೆ ನೋಡಿದಳು. ಪಾಯಿಂಟ್ ಮುಗಿದ ಮೇಲೆ ನೋಡುತ್ತಿದ್ದ ಹಾಗೆಯೇ. ನಾನು ನಿಧಾನವಾಗಿ ತಲೆಯಾಡಿಸಿದೆ. ಅವಳು ಮಗುವಿನ ಹಾಗೆ ನಾಲಿಗೆ ಉದ್ದಕ್ಕೆ ಚಾಚಿ ತೋರಿಸಿದಳು, ಎಷ್ಟು ಕಹಿ ನೋಡಿ ಎಂದು. ಆಮೇಲೆ ಕಲ್ಲಿದ್ದ ಜೇಬಿಗೆ ಕೈ ಹಾಕಿಕೊಂಡು, ಎಡಗಾಲು ಸ್ವಲ್ಪ ಕುಂಟುತ್ತಾ, ನಗುತ್ತಾ ಬೀದಿಯ ತಿರುವಿನಲ್ಲಿ ಮರೆಯಾದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.